ಅಂಗಳದ ಕೊಳಕ್ಕೆ, ಕಿರುಜಲಪಾತಕ್ಕೆ ಗಿಡಗಳನ್ನು ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ತೋಟದಲ್ಲಿ ಕೊಳವೊಂದನ್ನು ಕಟ್ಟಿ, ಪಂಪಿನಿಂದ ನೀರನ್ನು ಮೇಲೆತ್ತಿ ಕಲ್ಲುಗಳ ಮೇಲಿಂದ ಇಳಿಬಿಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೆಂಗಳೂರು, ಮೈಸೂರು, ತುಮಕೂರಿನಂತಹ ಬಯಲುಸೀಮೆಯ ಹವೆಯನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ. ಮಲೆನಾಡು, ಕರಾವಳಿ ಮತ್ತು ಉತ್ತರ ಕರ್ನಾಟಕದವರು ಬದಲಿಸಿಕೊಳ್ಳಬೇಕಾದ ಅಂಶಗಳನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ನರ್ಸರಿಯಲ್ಲಿ ‘ಇದು ನೀರಿನ ಗಿಡ’ ಎಂದು ಹೇಳಿ ಕೊಟ್ಟ ಗಿಡ ಜಲಪಾತದ ಬಳಿ ಏಕೆ ಬದುಕುವುದಿಲ್ಲ?

ನೀರಿನ ಗಿಡ ಎಂಬ ಮಾತು ಬಹಳ ಸಡಿಲವಾದದ್ದು. ನಿಂತ ನೀರಿನಲ್ಲಿ ಬೆಳೆಯುವ ಗಿಡ ಬೇರೆ, ಹರಿಯುವ ನೀರನ್ನು ತಾಳಿಕೊಳ್ಳುವ ಗಿಡ ಬೇರೆ, ಬೇರು ಒದ್ದೆಯಾಗಿದ್ದು ಎಲೆ ಒಣಗಿರಬೇಕೆನ್ನುವ ಗಿಡ ಬೇರೆ. ನಾಲ್ಕು ಅಡಿ ಎತ್ತರದ ಕಿರುಜಲಪಾತವೊಂದರಲ್ಲಿಯೇ ಇಂತಹ ಐದಾರು ಜಾಗಗಳು ಒಂದರ ಪಕ್ಕ ಒಂದಿರುತ್ತವೆ: ನೀರು ಉಕ್ಕಿ ಬರುವ ಮೇಲಿನ ತೊಟ್ಟಿ, ನೀರು ತೆಳುವಾಗಿ ಜಾರುವ ಬಂಡೆಯ ಮೈ, ಹನಿಗಳು ಸಿಡಿಯುವ ಎರಡೂ ಬದಿ, ನೀರು ಧುಮುಕಿ ಕಲಕುವ ಬುಡ, ಅದರಾಚೆಗಿನ ಶಾಂತವಾದ ಕೊಳ, ಮತ್ತು ನೋಡಲು ಒದ್ದೆಯಾಗಿರುವಂತೆ ಕಂಡರೂ ವಾಸ್ತವದಲ್ಲಿ ಒಣಗಿಯೇ ಇರುವ ಹೊರದಡ. ಒಂದು ಜಾಗಕ್ಕೆ ಒಪ್ಪುವ ಗಿಡ ಅಲ್ಲಿಂದ ಒಂದು ಮೊಳ ದೂರದಲ್ಲಿ ಸಾಯಬಹುದು.

ಆದ್ದರಿಂದ ಗಿಡ ಕೊಳ್ಳುವ ಮೊದಲು ಪಂಪನ್ನು ಎರಡು ಮೂರು ದಿನ ಓಡಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತಿರ ಕುಳಿತು ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಲ್ಲಿ ಕಲ್ಲು ಸದಾ ಒದ್ದೆಯಾಗಿರುತ್ತದೆ, ಎಲ್ಲಿ ಗಾಳಿ ಬೀಸಿದಾಗ ಮಾತ್ರ ತುಂತುರು ಬೀಳುತ್ತದೆ, ಎಲ್ಲಿ ಬಿಸಿಲು ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುತ್ತದೆ ಎಂಬುದನ್ನು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆಯೇ ಗುರುತು ಹಾಕಿಕೊಳ್ಳಬಹುದು. ಈ ಗುರುತುಗಳ ಪ್ರಕಾರ ಗಿಡ ತಂದರೆ, ತಂದವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ.

ಜಲಪಾತದ ಬುಡದಲ್ಲಿಯೇ ತಾವರೆ ಅಥವಾ ನೈದಿಲೆಯನ್ನು ಬೆಳೆಸಬಹುದೇ?

ಬೆಳೆಸಲಾಗದು. ಎರಡೂ ನಿಂತ ನೀರಿನ ಗಿಡಗಳು. ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತ ತನ್ನ ಮೇಲ್ಮೈಯಿಂದ ಉಸಿರಾಡುತ್ತದೆ. ಉಸಿರಾಟದ ರಂಧ್ರಗಳೆಲ್ಲ ಮೇಲ್ಭಾಗದಲ್ಲಿಯೇ ಇರುವುದರಿಂದ, ಹಗಲಿಡೀ ಹನಿ ಬೀಳುತ್ತಿದ್ದರೆ ಎಲೆ ಮೊದಲು ಹಳದಿಯಾಗಿ, ಅನಂತರ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಹತ್ತು ವರ್ಷಗಳ ಹಿಂದೆ ನಾನು ನನ್ನ ಮೊದಲ ನೈದಿಲೆಯನ್ನು ಅಂದಕ್ಕಾಗಿ ಜಲಪಾತದ ಎದುರಿಗೇ ಇಟ್ಟಿದ್ದೆ. ಮೊಗ್ಗುಗಳು ನೀರಿನ ಮೇಲೆ ಬಂದರೂ ಅರಳಲಿಲ್ಲ. ತುದಿಯಲ್ಲಿ ಕಪ್ಪಾಗಿ ಮತ್ತೆ ಮುಳುಗಿದವು. ಅದೇ ಕುಂಡವನ್ನು ಕೊಳದ ಇನ್ನೊಂದು ತುದಿಗೆ ಸರಿಸಿದ ಮೂರನೆಯ ವಾರದಲ್ಲಿ ಹೂ ಬಿಟ್ಟಿತು.

ಕೊಳ ಚಿಕ್ಕದಾಗಿದ್ದು ದೂರಕ್ಕೆ ಸರಿಸಲು ಜಾಗವಿಲ್ಲದಿದ್ದರೆ, ನೀರು ಬೀಳುವ ಜಾಗಕ್ಕೂ ನೈದಿಲೆಗೂ ನಡುವೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಒಂದು ಸಾಲು ಕಲ್ಲನ್ನು ಅಡ್ಡ ಇಡಿ. ಅಲೆ ಅಲ್ಲಿಯೇ ಒಡೆದು ಆಚೆಗೆ ನೀರು ಶಾಂತವಾಗಿರುತ್ತದೆ. ತಾವರೆಗಾದರೋ ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಮತ್ತು ಅಗಲವಾದ ತನ್ನದೇ ತೊಟ್ಟಿ ಬೇಕು. ‘ತಾವರೆ ಎಲೆಯ ಮೇಲಿನ ನೀರು’ ಎಂದು ನಾವು ಹೇಳುವಂತೆ ಅದರ ಎಲೆಗೆ ನೀರು ಅಂಟುವುದಿಲ್ಲ, ನಿಜ. ಆದರೆ ಎಲೆಯ ಕಾಂಡ ಅಲೆಯ ಹೊಡೆತವನ್ನು ತಡೆಯುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಚಳಿಗೆ ತಾವರೆ ಎಲೆ ಉದುರಿಸಿ ಮಲಗುತ್ತದೆ. ಗಿಡ ಸತ್ತಿತೆಂದು ಗಡ್ಡೆಯನ್ನು ಎಸೆಯಬೇಡಿ.

ನೀರು ಹರಿಯುವ ಬಂಡೆಯ ಮೈಮೇಲೆ ಏನನ್ನು ಬೆಳೆಸಬಹುದು?

ಮಣ್ಣಿಲ್ಲದೆ ಕಲ್ಲನ್ನೇ ಅಪ್ಪಿ ಬೆಳೆಯುವ ಗಿಡಗಳು ಮಾತ್ರ ಇಲ್ಲಿ ನಿಲ್ಲುತ್ತವೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಜಾವಾ ಫರ್ನ್ ಮತ್ತು ಆಫ್ರಿಕಾದ ತೊರೆಗಳಿಂದ ಬಂದ ಅನುಬಿಯಾಸ್ ಇವೆರಡೂ ಈ ಕೆಲಸಕ್ಕೆ ಒಳ್ಳೆಯವು. ಇವುಗಳ ಅಡ್ಡಕಾಂಡವನ್ನು ಮಣ್ಣಿನಲ್ಲಾಗಲಿ ಜಲ್ಲಿಯಲ್ಲಾಗಲಿ ಹೂತರೆ ಕೊಳೆತುಹೋಗುತ್ತದೆ. ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿದರೆ, ದಾರ ಕರಗುವಷ್ಟರಲ್ಲಿ ಬೇರು ಕಲ್ಲನ್ನು ಹಿಡಿದುಕೊಂಡಿರುತ್ತದೆ. ಎರಡಕ್ಕೂ ನೆರಳು ಬೇಕು. ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡುತ್ತದೆ.

ಕಲ್ಲುಗಳ ಸಂದಿಗಳಿಗೆ ಜರಿಗಿಡಗಳಿಗಿಂತ ಒಳ್ಳೆಯವು ನನಗೆ ಗೊತ್ತಿಲ್ಲ. ಹಳೆಯ ಬಾವಿಗಳಿಗೆ ಇಣುಕಿ ನೋಡಿದವರಿಗೆ, ಒಳಗಿನ ಕಲ್ಲುಗಳ ನಡುವಿನಿಂದ ಕಪ್ಪು ತೊಟ್ಟಿನ, ತೆಳ್ಳನೆಯ ಹಸಿರು ಎಲೆಗಳ ಮೇಡನ್‌ಹೇರ್ ಜರಿ ಗೊಂಚಲು ಗೊಂಚಲಾಗಿ ಇಳಿಬಿದ್ದಿರುವುದು ನೆನಪಿರಬಹುದು. ಅಲ್ಲಿ ಅದಕ್ಕೆ ಸಿಗುವುದು ತೇವದ ಗಾಳಿ, ನೆರಳು ಮತ್ತು ಗಾರೆಯ ಸುಣ್ಣ. ನಮ್ಮ ಸಿಮೆಂಟಿನ ಜಲಪಾತದಲ್ಲಿಯೂ ಇವು ಮೂರೂ ಇವೆ. ಅದೇ ರೀತಿ, ಹಳೆಯ ಗಾರೆ ಗೋಡೆಗಳ ಬಿರುಕಿನಲ್ಲಿ ತಾನಾಗಿಯೇ ಹುಟ್ಟುವ, ಏಣಿಯ ಮೆಟ್ಟಿಲುಗಳಂತೆ ಎಲೆ ಜೋಡಿಸಿಕೊಂಡ ಜರಿಯೂ ಸುಣ್ಣವನ್ನು ಇಷ್ಟಪಡುವಂಥದ್ದು. ಅದನ್ನು ಕಳೆ ಎಂದು ಕಿತ್ತು ಹಾಕುವವರೇ ಹೆಚ್ಚು. ಜರಿಗಿಡವನ್ನು ನೀರು ನೇರವಾಗಿ ಸುರಿಯುವಲ್ಲಿ ಇಡದೆ, ಬೇರಿಗೆ ತೇವ ತಲುಪಿ ಎಲೆಗೆ ತುಂತುರು ಮಾತ್ರ ತಾಗುವ ಸಂದಿಯಲ್ಲಿ ಇಡಬೇಕು.

ಕಲ್ಲಿನ ಮೇಲೆ ಹಸಿರು ಬಂದಿದೆ. ಅದು ಒಳ್ಳೆಯದೇ, ತೆಗೆಯಬೇಕೇ?

ನಾವು ಮಾತಿನಲ್ಲಿ ಎಲ್ಲವನ್ನೂ ಪಾಚಿ ಎಂದುಬಿಡುತ್ತೇವೆ. ಬೆರಳಿನಿಂದ ಮುಟ್ಟಿ ನೋಡಿ: ಮಖಮಲ್ಲಿನಂತೆ ಮೆತ್ತಗಿದ್ದು, ಒತ್ತಿದರೆ ನೀರು ಒಸರಿ, ಬಿಟ್ಟರೆ ಮತ್ತೆ ಎದ್ದು ನಿಲ್ಲುವುದು ಹಾವಸೆ. ಅದು ಬಂದಿದ್ದರೆ ಸಂತೋಷಪಡಬೇಕು. ಕಲ್ಲನ್ನು ಹಳೆಯದಾಗಿ ಕಾಣಿಸುವುದೂ, ಸಣ್ಣ ಜರಿಗಿಡಗಳಿಗೆ ಹುಟ್ಟುವ ನೆಲೆ ಕೊಡುವುದೂ ಅದೇ. ಲೋಳೆಯಾಗಿ ಜಾರುವುದು ಅಥವಾ ಕೂದಲಿನಂತೆ ಉದ್ದುದ್ದ ಎಳೆಯಾಗಿ ಹರಿಯುವುದು ನಿಜವಾದ ಪಾಚಿ. ಇದು ಬಿಸಿಲು ಮತ್ತು ನೀರಿನಲ್ಲಿ ಕರಗಿದ ಗೊಬ್ಬರದ ಅಂಶ ಎರಡೂ ಹೆಚ್ಚಾಗಿರುವುದರ ಗುರುತು. ಕಡ್ಡಿಗೆ ಸುತ್ತಿ ತೆಗೆದುಹಾಕಿ, ಮೀನಿನ ಆಹಾರವನ್ನು ಕಡಿಮೆ ಮಾಡಿ, ಗೊಬ್ಬರ ಹೀರುವ ಗಿಡಗಳನ್ನು ಹೆಚ್ಚಿಸಿ. ಪಾಚಿ ಕೊಲ್ಲುವ ಔಷಧಿಗಳಲ್ಲಿ ಹಲವು ತಾಮ್ರದ ಅಂಶವುಳ್ಳವು. ಅವು ಮೀನು, ಬಸವನಹುಳುಗಳನ್ನೂ ಕೊಲ್ಲಬಲ್ಲವಾದ್ದರಿಂದ ನಾನು ಬಳಸುವುದಿಲ್ಲ.

ಹಾವಸೆ ಬೇಗ ಬರಲೆಂದು ಕಲ್ಲಿಗೆ ಮಜ್ಜಿಗೆ ಬಳಿಯುವ ಅಗತ್ಯವಿಲ್ಲ. ಮನೆಯ ಹಿತ್ತಲಿನ ನೆರಳುಗೋಡೆಯಲ್ಲಿರುವ ಹಾವಸೆಯನ್ನೇ ಒಂದಂಗುಲದ ತುಂಡುಗಳಾಗಿ ತೆಗೆದು, ಒರಟು ಕಲ್ಲಿನ ಮೇಲೆ ಒತ್ತಿ, ಮಳೆಗಾಲದ ಎರಡು ತಿಂಗಳು ಅಲುಗಾಡಿಸದೆ ಬಿಟ್ಟರೆ ಸಾಕು.

ಹನಿ ಸಿಡಿಯುವ ಅಂಚಿಗೆ ನಮ್ಮ ನಾಡಿನ ಗಿಡಗಳು ಯಾವುವು?

ಈ ಪ್ರಶ್ನೆಗೆ ಉತ್ತರಿಸುವುದು ನನಗೆ ಅತ್ಯಂತ ಇಷ್ಟ. ಹೊರದೇಶದ ದುಬಾರಿ ಗಿಡಗಳನ್ನು ತಂದು ಸಾಯಿಸುವ ಬದಲು, ನಮ್ಮ ಅಡುಗೆಮನೆ ಮತ್ತು ಬಾಣಂತಿ ಕೋಣೆಗೆ ಪರಿಚಿತವಾದ ಗಿಡಗಳನ್ನೇ ಇಲ್ಲಿ ನೆಟ್ಟರೆ ಅವು ತಾವಾಗಿಯೇ ಹಬ್ಬಿಕೊಳ್ಳುತ್ತವೆ.

ಮೊದಲನೆಯದು ಬಜೆ. ಎಳೆಮಗುವಿನ ನಾಲಿಗೆಗೆ ತೇಯ್ದು ಹಚ್ಚುತ್ತಿದ್ದ ಆ ಒಣ ಬೇರು, ತೊರೆಯಂಚಿನಲ್ಲಿ ಕತ್ತಿಯಂತಹ ಎಲೆಗಳನ್ನು ಎತ್ತಿ ನಿಲ್ಲುವ ಗಿಡದ್ದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಇದನ್ನು ಗದ್ದೆಯಲ್ಲಿ ಬೆಳೆಯಾಗಿಯೇ ಬೆಳೆಯುತ್ತಾರೆ. ಹೂವಿಲ್ಲದಿರುವಾಗ ಕೊಳದ ಇತರ ಕತ್ತಿಯೆಲೆಯ ಗಿಡಗಳ ನಡುವೆ ಇದನ್ನು ಗುರುತಿಸುವುದು ಸುಲಭ: ಎಲೆಯ ಒಂದಂಚು ಅಲ್ಲಲ್ಲಿ ಸೀರೆಯ ನೆರಿಗೆಯಂತೆ ಸುಕ್ಕುಗಟ್ಟಿರುತ್ತದೆ, ಉಜ್ಜಿದರೆ ಘಮ್ಮೆನ್ನುವ ವಾಸನೆ ಬರುತ್ತದೆ. ಎರಡರಿಂದ ನಾಲ್ಕು ಅಂಗುಲದಷ್ಟು ನೀರು ನಿಂತಿದ್ದರೂ, ಹನಿ ಸಿಡಿಯುತ್ತಿದ್ದರೂ ಅದಕ್ಕೆ ತೊಂದರೆಯಿಲ್ಲ. ಬೆಳೆಸುವುದು ನೋಟಕ್ಕಾಗಿ, ಮಗುವಿಗೆ ಮದ್ದಾಗಿ ಕೊಡುವ ಮಾತನ್ನು ವೈದ್ಯರಿಗೇ ಬಿಡಬೇಕು.

ಎರಡನೆಯದಾಗಿ ಒಂದೆಲಗ ಮತ್ತು ನೀರುಬ್ರಾಹ್ಮಿ. ಇವೆರಡನ್ನೂ ಬ್ರಾಹ್ಮಿ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ತಂಬುಳಿ ಮಾಡುವ, ಗುಂಡನೆಯ ಒಂದೊಂದೇ ಎಲೆಯ ಒಂದೆಲಗ, ನೀರಿಗೆ ಇಳಿಯದೆ ತೇವದ ಮಣ್ಣಿನ ಮೇಲೆ ಹರಡುತ್ತದೆ. ಪುಟ್ಟ ದಪ್ಪ ಎಲೆಗಳ, ಬಿಳಿ ಅಥವಾ ತಿಳಿನೇರಳೆ ಹೂವಿನ ನೀರುಬ್ರಾಹ್ಮಿ ದಡದಿಂದ ನೀರಿನೊಳಕ್ಕೇ ತೆವಳುತ್ತದೆ. ಹೀಗಾಗಿ ಒಂದನ್ನು ಮೇಲೂ ಇನ್ನೊಂದನ್ನು ಕೆಳಗೂ ನೆಟ್ಟರೆ, ನೀರು ಸೋರದಂತೆ ಕೊಳದೊಳಗೆ ಹಾಸುವ ಹಾಳೆಯಾದ ಲೈನರ್‌ನ ಕಪ್ಪು ಅಂಚು ಒಂದು ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ.

ಹೊನಗೊನೆ ಸೊಪ್ಪನ್ನೂ ಇಲ್ಲಿ ಬೆಳೆಸಬಹುದು, ಆದರೆ ತರುವಾಗ ಎಚ್ಚರವಿರಲಿ. ಬೆಂಗಳೂರಿನ ಕೆರೆಗಳಲ್ಲಿ ಹಬ್ಬಿರುವ ಅಲಿಗೇಟರ್ ಕಳೆ ಅದರ ದಾಯಾದಿ, ನೋಡಲು ಹಾಗೆಯೇ ಇರುತ್ತದೆ. ಹೊನಗೊನೆಯ ಬಿಳಿ ಹೂಗಳು ಎಲೆಯ ಕಂಕುಳಲ್ಲಿಯೇ ತೊಟ್ಟಿಲ್ಲದೆ ಕುಳಿತಿರುತ್ತವೆ; ಕಳೆಯ ಹೂ ಉದ್ದವಾದ ತೊಟ್ಟಿನ ತುದಿಯಲ್ಲಿರುತ್ತದೆ. ಹೂ ನೋಡದೆ ತರಬೇಡಿ.

ಕೆಸುವಿನ ಎಲೆಯ ಮೇಲೆ ಜಲಪಾತದ ಹನಿಗಳು ಪಾದರಸದಂತೆ ಉರುಳುವುದನ್ನು ನೋಡುವುದೇ ಒಂದು ಸೊಗಸು. ಮಲೆನಾಡಿನ ಹಳ್ಳಗಳ ಬದಿಯಲ್ಲಿ ಅದು ಬೆಳೆಯುವ ಜಾಗವೂ ಇಂಥದ್ದೇ. ಕುಂಡದಲ್ಲಿಟ್ಟೇ ಬೆಳೆಸಿ, ಇಲ್ಲವಾದರೆ ಎರಡು ವರ್ಷದಲ್ಲಿ ಬೇರೆಲ್ಲವನ್ನೂ ತಳ್ಳಿಹಾಕುತ್ತದೆ. ಅಲಂಕಾರಕ್ಕೆಂದು ಮಾರುವ ಕಪ್ಪೆಲೆಯ ಕೆಸುವನ್ನು ಪತ್ರೊಡೆಗೆ ಬಳಸಬಾರದು. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳೇ ಗಂಟಲು ತುರಿಕೆಗೆ ಕಾರಣ. ಚಿಕ್ಕ ಮಕ್ಕಳು, ನಾಯಿಗಳು ಜಗಿಯದಂತೆ ನೋಡಿಕೊಳ್ಳಬೇಕು.

ಸುಗಂಧಕ್ಕಾಗಿ ಒಂದೇ ಗಿಡ ನೆಡುವುದಾದರೆ ಸುರುಳಿ ಸುಗಂಧಿಯನ್ನು ನೆಡಿ. ಮಳೆಗಾಲದ ಸಂಜೆ ಅದರ ಬಿಳಿ ಹೂಗಳು ಅರಳಿದಾಗ, ನೀರಿನ ತಂಪುಗಾಳಿಯೊಂದಿಗೆ ಪರಿಮಳ ಮನೆಯೊಳಕ್ಕೆ ಬರುತ್ತದೆ. ಗಡ್ಡೆ ನೀರಿನಲ್ಲಿ ಮುಳುಗದೆ, ಸದಾ ತೇವವಿರುವ ಮಣ್ಣಿನಲ್ಲಿರಬೇಕು.

ಕೊಳದ ದಡದಲ್ಲಿ ನೆಟ್ಟ ಗಿಡಗಳು ನೀರಿನ ಪಕ್ಕದಲ್ಲಿಯೇ ಇದ್ದರೂ ಒಣಗುತ್ತಿವೆ. ಏಕೆ?

ಕೆರೆಯ ದಡಕ್ಕೂ ಲೈನರ್ ಹಾಕಿದ ಕೊಳದ ದಡಕ್ಕೂ ಇರುವ ವ್ಯತ್ಯಾಸ ಇದೇ. ಕೆರೆಯ ನೀರು ಮಣ್ಣಿಗೆ ಇಂಗಿ ದಡವನ್ನು ಒದ್ದೆಯಾಗಿಡುತ್ತದೆ. ಲೈನರ್ ಅಥವಾ ಸಿಮೆಂಟು ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲ. ಆದ್ದರಿಂದ ಅಂಚಿನ ಆಚೆಗಿರುವ ಮಣ್ಣು ತೋಟದ ಬೇರೆ ಯಾವುದೇ ಮೂಲೆಯಷ್ಟೇ ಒಣ. ಅಲ್ಲಿ ಮಾಮೂಲಿ ತೋಟದ ಗಿಡಗಳನ್ನು ನೆಟ್ಟು, ಮಾಮೂಲಿಯಾಗಿಯೇ ನೀರು ಹಾಕಬೇಕು.

ಇದನ್ನು ಸರಿಪಡಿಸಲೆಂದು ಕೆಲವರು ಲೈನರ್‌ನ ಅಂಚನ್ನು ಮಣ್ಣಿನಿಂದ ಮುಚ್ಚಿ, ಆ ಮಣ್ಣು ಕೊಳದ ನೀರನ್ನು ಮುಟ್ಟುವಂತೆ ಮಾಡುತ್ತಾರೆ. ಆಗ ಮಣ್ಣು, ಹುಲ್ಲು, ಹಾವಸೆ ಎಲ್ಲವೂ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರನ್ನು ಹೀರಿ ಹೊರಗೆ ಸಾಗಿಸುತ್ತವೆ. ಕೊಳ ಸೋರುತ್ತಿದೆಯೆಂದು ಲೈನರ್ ಕಿತ್ತು ನೋಡಿದವರನ್ನು ನಾನು ಬಲ್ಲೆ. ಸೋರಿಕೆ ಲೈನರ್‌ನಲ್ಲಿರಲಿಲ್ಲ, ಅಂಚಿನ ಹುಲ್ಲಿನಲ್ಲಿತ್ತು. ಲೈನರ್‌ನ ತುದಿ ಎಲ್ಲ ಕಡೆಯೂ ಮಣ್ಣಿಗಿಂತ ಮೇಲೆದ್ದು ನಿಂತಿರಬೇಕು, ಅದನ್ನು ಕಲ್ಲಿನಿಂದ ಮರೆಮಾಡಬೇಕು.

ಗಿಡಗಳಿಂದಲೇ ನೀರನ್ನು ತಿಳಿಯಾಗಿ ಇಡಬಹುದೇ?

ಬಹುಮಟ್ಟಿಗೆ ಇಡಬಹುದು. ಜಲಪಾತದ ಮೇಲಿನ ತೊಟ್ಟಿಗೆ ಮುಕ್ಕಾಲಿಂಚಿನ ಜಲ್ಲಿ ತುಂಬಿ, ಪಂಪಿನ ಪೈಪನ್ನು ತಳಕ್ಕೆ ಇಳಿಸಿ, ನೀರು ಜಲ್ಲಿಯ ನಡುವೆ ಕೆಳಗಿನಿಂದ ಮೇಲಕ್ಕೆ ಏರಿ ಅನಂತರ ಬಂಡೆಯ ಮೇಲೆ ಬೀಳುವಂತೆ ಮಾಡಿ. ಈ ಜಲ್ಲಿಯಲ್ಲಿ ಮಣ್ಣಿಲ್ಲದೆ ನೆಟ್ಟ ಗಿಡಗಳು ಮೀನಿನ ಹಿಕ್ಕೆಯಿಂದ ಬಂದ ಸಾರಜನಕವನ್ನು ಹೀರಿಕೊಂಡು ಬೆಳೆಯುತ್ತವೆ. ಕೊಳಚೆ ನೀರು ಶುದ್ಧೀಕರಿಸುವ ಕೃತಕ ಜೌಗುಗಳಲ್ಲಿ ಬಳಸುವ ಕಾಬಾಳೆ ಇಲ್ಲಿ ಅತ್ಯುತ್ತಮ, ಹೂವೂ ಸಿಗುತ್ತದೆ. ನೆರಳಿದ್ದರೆ ಪೀಸ್ ಲಿಲಿ ಅಥವಾ ಮನಿ ಪ್ಲಾಂಟ್ ಸಾಕು. ಬೆಳೆದ ಎಲೆಗಳನ್ನು ಕತ್ತರಿಸಿ ಹೊರಗೆ ಹಾಕಿದಾಗ ಮಾತ್ರ ಗೊಬ್ಬರದ ಅಂಶ ಕೊಳದಿಂದ ನಿಜವಾಗಿ ಹೊರಹೋಗುತ್ತದೆ. ಅಲ್ಲಿಯೇ ಕೊಳೆಯಲು ಬಿಟ್ಟರೆ ಮತ್ತೆ ನೀರಿಗೇ ಸೇರುತ್ತದೆ.

ಯಾವ ಗಿಡಗಳನ್ನು ಎಂದೂ ತರಬಾರದು?

ನೇರಳೆ ಹೂವಿನ ವಾಟರ್ ಹಯಸಿಂತನ್ನು ಮೊದಲು ಹೆಸರಿಸಬೇಕು. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ನಮ್ಮ ಕೆರೆಗಳಿಗೆ ಮಾಡಿರುವುದನ್ನು ಕಣ್ಣಾರೆ ಕಂಡವರು ಅದನ್ನು ಹಣ ಕೊಟ್ಟು ತರಲಾರರು. ಅಂಗೈಯಷ್ಟು ಗಿಡವೊಂದು ಮಳೆನೀರಿನೊಂದಿಗೆ ಚರಂಡಿ ಸೇರಿದರೂ ಸಾಕು, ಮುಂದಿನ ಕೆರೆಗೆ ತಲುಪುತ್ತದೆ.

ನೀರಿನ ಮೇಲೆ ತೇಲುವ ಬ್ರೆಜಿಲ್ ಮೂಲದ ಸಾಲ್ವೀನಿಯಾ ಜರಿಯೂ ಇದೇ ಸಾಲಿನದು. 1983–84ರಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದನ್ನು ಅದು ಪೂರ್ತಿ ಮುಚ್ಚಿ ನೈದಿಲೆಯನ್ನು ಉಸಿರುಗಟ್ಟಿಸಿತ್ತು. ವಿಜ್ಞಾನಿಗಳು ಆಸ್ಟ್ರೇಲಿಯಾದಿಂದ ತರಿಸಿದ ಸೈರ್ಟೊಬಾಗಸ್ ಎಂಬ ಪುಟ್ಟ ಮೂತಿಹುಳುವನ್ನು ಅಲ್ಲಿ ಬಿಟ್ಟರು. 11 ತಿಂಗಳಲ್ಲಿ ಸಾಲ್ವೀನಿಯಾ ಕುಸಿದು, ನೈದಿಲೆ ಮತ್ತೆ ಚಿಗುರಿತು. ನಮ್ಮ ಮನೆಯ ಕೊಳಕ್ಕೆ ಅಂತಹ ಹುಳುವನ್ನು ಯಾರೂ ತಂದು ಬಿಡುವುದಿಲ್ಲ.

ಎಲೆಕೋಸಿನಂತೆ ತೇಲುವ ಅಂತರಗಂಗೆ ಚೆಂದವಾಗಿ ಕಂಡರೂ, ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಗಳು ಅದರ ಬೇರನ್ನು ಚುಚ್ಚಿ ಅಲ್ಲಿಂದಲೇ ಗಾಳಿ ಹೀರುತ್ತವೆ. ನೀರಿನ ಮೇಲೆ ಬಾರದ ಕಾರಣ ಅವು ಕಣ್ಣಿಗೆ ಬೀಳುವುದೇ ಇಲ್ಲ. ಆನೆಕಾಲು ರೋಗ ಹರಡುವ ಸೊಳ್ಳೆಗಳಲ್ಲಿ ಇವೂ ಸೇರಿವೆ. ಕೆರೆಯಂಚಿನ ಜೊಂಡಿನ ಚೂಪಾದ ಬೇರುಗಳು ಲೈನರನ್ನು ತೂರಬಲ್ಲವು. ನೆಲ ಮುಚ್ಚಲೆಂದು ಮಾರುವ ಹಳದಿ ಹೂವಿನ ವೆಡೇಲಿಯಾ ದಡದ ತೇವ ಸಿಕ್ಕರೆ ಎಲ್ಲವನ್ನೂ ನುಂಗುತ್ತದೆ. ಕೊಳದ ಹತ್ತಿರ ಆಲ, ಅತ್ತಿಯ ಜಾತಿಯ ಮರಗಳಾಗಲಿ ಬಿದಿರಾಗಲಿ ಬೇಡ.

ಮೀನುಗಳಿವೆ. ವಿಶೇಷ ಎಚ್ಚರಿಕೆ ಬೇಕೇ?

ಕಣಗಿಲೆಯನ್ನು ಕೊಳದ ಮೇಲೆ ಬಾಗುವಂತೆ ನೆಡಬಾರದು. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಮೀನುಗಳು ಎಳೆಯ ಬೇರನ್ನು ಕೆದಕುವುದರಿಂದ ಹೊಸ ಕುಂಡಗಳ ಬಾಯಿಗೆ ಗುಂಡುಕಲ್ಲು ಹೊದಿಸಿ.

ನೀರಿನೊಳಗಿನ ಕುಂಡಗಳಿಗೆ ಯಾವ ಮಣ್ಣು?

ಕೆರೆಗೋಡು ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಜಿಗುಟಾದ ಕೆಂಪುಮಣ್ಣು. ಕುಂಡಕ್ಕೆಂದು ಮಾರುವ ಕೊಕೊಪೀಟ್ ಮಿಶ್ರಣವೂ ಎರೆಗೊಬ್ಬರವೂ ತೇಲಿ ಪಂಪಿನ ಬಾಯಿಗೆ ಕಟ್ಟಿಕೊಳ್ಳುತ್ತವೆ. ಮಣ್ಣಿನ ಮೇಲೆ ಒಂದಂಗುಲ ತೊಳೆದ ಜಲ್ಲಿ ಹರಡಿ, ಕುಂಡವನ್ನು ಓರೆಯಾಗಿ ನಿಧಾನವಾಗಿ ಇಳಿಸಿದರೆ ನೀರು ಕಲಕುವುದಿಲ್ಲ.

ಹೊಸ ಸಿಮೆಂಟಿನ ಕೊಳದಲ್ಲಿ ಕೂಡಲೇ ಗಿಡ ನೆಡಬಹುದೇ?

ಕೂಡದು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಇಳಿದು ಕ್ಷಾರ ಹೆಚ್ಚುತ್ತದೆ. ನೀರು ತುಂಬಿಸಿ ನಾಲ್ಕೈದು ದಿನ ಬಿಟ್ಟು ಹೊರಹಾಕುವುದನ್ನು ಮೂರು ಬಾರಿಯಾದರೂ ಮಾಡಿದ ಮೇಲೆ, ಮೊದಲು ಕಾಬಾಳೆಯಂತಹ ಗಟ್ಟಿ ಗಿಡವೊಂದನ್ನು ಇಟ್ಟು ಹದಿನೈದು ದಿನ ನೋಡಿ. ಕೊಳವೆಬಾವಿಯ ಗಡಸು ನೀರಾದರೆ ಕಲ್ಲಿನ ಮೇಲೂ ಎಲೆಯಂಚಿನಲ್ಲೂ ಬಿಳಿ ಪದರ ಕಟ್ಟುತ್ತದೆ. ಸಾಧ್ಯವಿದ್ದವರು ತಾರಸಿಯ ಮಳೆನೀರನ್ನು ಕೊಳಕ್ಕೆ ಬಿಡಬಹುದು.

ಯಾವ ತಿಂಗಳಲ್ಲಿ ನೆಡಬೇಕು, ಎಷ್ಟು ನೆಡಬೇಕು?

ಅಂಚಿನ ಗಿಡ, ಜರಿಗಿಡಗಳನ್ನು ಜೂನ್, ಜುಲೈನಲ್ಲಿ. ತಾವರೆ, ನೈದಿಲೆಗಳ ಗಡ್ಡೆಯನ್ನು ಚಳಿ ಕಳೆದ ಫೆಬ್ರವರಿಯಲ್ಲಿ. ಎಲೆಗಳು ನೀರಿನ ಮೇಲ್ಮೈಯ ಅರ್ಧದಿಂದ ಮೂರನೆಯ ಎರಡು ಭಾಗದವರೆಗೆ ಮುಚ್ಚಿದ್ದರೆ ಪಾಚಿ ಹತೋಟಿಯಲ್ಲಿರುತ್ತದೆ.

ಕಲಬುರಗಿ, ರಾಯಚೂರು, ವಿಜಯಪುರದ ಬೇಸಿಗೆಯಲ್ಲಿ ಇವೆಲ್ಲ ಉಳಿಯುತ್ತವೆಯೇ?

ತಾವರೆ, ನೈದಿಲೆ, ಕಾಬಾಳೆ, ನೀರುಬ್ರಾಹ್ಮಿ ಉಳಿಯುತ್ತವೆ. ಮೇಡನ್‌ಹೇರ್ ಜರಿ ಮತ್ತು ಹಾವಸೆಗೆ ಅಲ್ಲಿನ ಒಣಗಾಳಿ ಕಷ್ಟ; ಜಲಪಾತವನ್ನು ಮನೆಯ ಉತ್ತರ ಅಥವಾ ಪೂರ್ವದ ಗೋಡೆಯ ನೆರಳಿಗೆ ಕಟ್ಟಿದರೆ ಮಾತ್ರ ಪ್ರಯತ್ನಿಸಬಹುದು. ಕರಾವಳಿ, ಮಲೆನಾಡಿನವರ ಸಮಸ್ಯೆ ಇದಕ್ಕೆ ತದ್ವಿರುದ್ಧ: ಅಲ್ಲಿ ಗಿಡ ಬೆಳೆಸುವುದಕ್ಕಿಂತ ಕತ್ತರಿಸುವುದೇ ಹೆಚ್ಚಿನ ಕೆಲಸ.

ಪಶ್ಚಿಮ ಘಟ್ಟದ ಜಲಪಾತಗಳಿಂದ ಗಿಡಗಳನ್ನು ತರಬಹುದೇ?

ದಯವಿಟ್ಟು ತರಬೇಡಿ. ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ತಂದರೂ ಅವು ಬದುಕುವುದಿಲ್ಲ ಎಂಬುದು ಇನ್ನೊಂದು. ಘಟ್ಟದ ನದಿಗಳಲ್ಲಿ ಪೊಡೊಸ್ಟೆಮೇಸಿ ಎಂಬ ಕುಟುಂಬದ ಗಿಡಗಳಿವೆ. ನೋಡಲು ಹಾವಸೆಯಂತೆಯೇ ಇದ್ದರೂ ಅವು ಹೂಬಿಡುವ ಗಿಡಗಳು. ಮಳೆಗಾಲವಿಡೀ ರಭಸದ ನೀರಿನಡಿಯಲ್ಲಿ ಬಂಡೆಗೆ ಅಂಟಿ ಬೆಳೆದು, ಮಳೆ ನಿಂತು ನೀರು ಇಳಿದು ಬಂಡೆ ಹೊರಬಂದಾಗ ಹೂಬಿಟ್ಟು, ಬೀಜ ಕಟ್ಟಿ ಒಣಗುತ್ತವೆ. ನೀರಿನ ಆ ಏರಿಳಿತವನ್ನು ಯಾವ ಪಂಪೂ ಕೊಡಲಾರದು. ಘಟ್ಟಕ್ಕೆ ಹೋದಾಗ, ಯಾವ ಎತ್ತರದಲ್ಲಿ ಯಾವ ಬಗೆಯ ಎಲೆ ಇದೆ, ಸಿಡಿತದಿಂದ ಎಷ್ಟು ದೂರದಲ್ಲಿ ಜರಿ ಶುರುವಾಗುತ್ತದೆ ಎಂಬುದರ ಚಿತ್ರ ತೆಗೆದುಕೊಂಡು ಬನ್ನಿ. ನನ್ನ ಕೊಳದ ಕಲ್ಲುಗಳ ಜೋಡಣೆ ಅಂತಹ ಒಂದು ಚಿತ್ರದಿಂದಲೇ ಆದದ್ದು.

ವಿದ್ಯುತ್ ಹೋದಾಗ ಅಥವಾ ಊರಿಗೆ ಹೋದಾಗ ಪಂಪು ನಿಂತರೆ ಗಿಡಗಳ ಗತಿಯೇನು?

ಕೊಳದೊಳಗಿನ ಗಿಡಗಳಿಗೆ ಏನೂ ಆಗುವುದಿಲ್ಲ. ಹಾವಸೆ ಒಣಗಿ ಕಂದಾದರೂ ನೀರು ಬಂದ ಮೇಲೆ ಮತ್ತೆ ಹಸಿರಾಗುತ್ತದೆ. ಅಪಾಯವಿರುವುದು ಬಂಡೆಗೆ ಕಟ್ಟಿದ ಜಾವಾ ಫರ್ನ್, ಅನುಬಿಯಾಸ್ ಮತ್ತು ಸಂದಿಯ ಜರಿಗಿಡಗಳಿಗೆ. ಬೇಸಿಗೆಯ ಒಂದೇ ಮಧ್ಯಾಹ್ನ ಅವುಗಳ ಎಲೆ ಸುರುಟಿಸಲು ಸಾಕು. ಆದ್ದರಿಂದ ಅವನ್ನು ಎತ್ತಿಡಬಹುದಾದ ಚಿಕ್ಕ ಕಲ್ಲುಗಳಿಗೇ ಕಟ್ಟಿರಬೇಕು. ಎರಡು ದಿನಕ್ಕಿಂತ ಹೆಚ್ಚು ಊರಿಗೆ ಹೋಗುವಾಗ ಆ ಕಲ್ಲುಗಳನ್ನು ಹಾಗೆಯೇ ಕೊಳದ ನೆರಳಿನ ಬದಿಯ ನೀರಿಗೆ ಇಳಿಸಿ, ಬಂದ ಮೇಲೆ ಮತ್ತೆ ಮೇಲಿಡಿ. ವಾರ ಕಳೆಯುವುದಾದರೆ ಮೇಲಿನ ಜಲ್ಲಿ ತೊಟ್ಟಿಯ ನೀರನ್ನು ಪೂರ್ತಿ ಬಸಿದು ಹೋಗಬೇಕು. ನಿಂತ ನೀರಿನಲ್ಲಿ ಸೊಳ್ಳೆ ಮರಿಮಾಡಲು ಏಳೆಂಟು ದಿನ ಸಾಕು. ತೊಟ್ಟಿಯ ಕಾಬಾಳೆಗೆ ಅಷ್ಟು ದಿನ ಜಲ್ಲಿಯ ತೇವವೇ ಸಾಲುತ್ತದೆ.